ಒರ್ವಿಯೆತೊ: ಬಾವಿಗೆ ಇಳಿಯುವ ಮೊದಲು ಮಂಡಿ ವಿಚಾರಿಸಿಕೊಳ್ಳಿ

ರೋಮಿನಲ್ಲಿ ನಾಲ್ಕೈದು ದಿನ ಇರುವವರು ಒಂದು ಇಡೀ ದಿನವನ್ನು ಒರ್ವಿಯೆತೊ ಎಂಬ ಹಳೆಯ ಊರಿಗೆ ಎತ್ತಿಡಿ. ರೋಮಿನ ಮುಖ್ಯ ರೈಲು ನಿಲ್ದಾಣ ಟರ್ಮಿನಿಯಿಂದ ಫ್ಲಾರೆನ್ಸ್ ದಿಕ್ಕಿನ ರೀಜನಲ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ, ಮರೆತರೆ ದಂಡ.

ಸ್ಟೇಷನ್ ಕೆಳಗೆ, ಊರು ಬಂಡೆಯ ನೆತ್ತಿಯ ಮೇಲೆ. ಎದುರಿಗೇ ಫ್ಯೂನಿಕ್ಯುಲರ್, ಅಂದರೆ ಹಗ್ಗ ಎಳೆದು ಇಳಿಜಾರು ಹತ್ತಿಸುವ ಪುಟ್ಟ ರೈಲು ಇದೆ. 1888ರಲ್ಲಿ ನೀರಿನ ಭಾರದಿಂದ ಓಡುತ್ತಿತ್ತು, ಈಗ ಕರೆಂಟಿನಿಂದ. ನಾವು ಮೇಲೆ ಇಳಿದವರೇ ಸೀದಾ ಊರಿನ ದೊಡ್ಡ ಚರ್ಚಿಗೆ ಓಡಿದೆವು. ಅದೇ ತಪ್ಪಾಯಿತು. ಸಾನ್ ಪಾತ್ರಿತ್ಸಿಯೊ ಬಾವಿ ಫ್ಯೂನಿಕ್ಯುಲರಿನ ಮೇಲಿನ ನಿಲ್ದಾಣದ ಪಕ್ಕದಲ್ಲೇ ಇದೆ. ಕಾಲಿನಲ್ಲಿ ಕಸುವಿರುವಾಗಲೇ ಅದನ್ನು ಮುಗಿಸಿ. ಚರ್ಚಿನ ಮುಂಭಾಗದ ಬಂಗಾರದ ಮೊಸಾಯಿಕ್ ಹೇಗೂ ಹೊತ್ತು ಇಳಿದ ಮೇಲೆಯೇ ಬೆಳಗುವುದು.

1290ರಲ್ಲಿ ಶುರುವಾದ ಚರ್ಚು ಇದು. ಕಪ್ಪುಬಿಳಿ ಪಟ್ಟೆ ಪಟ್ಟೆ ಗೋಡೆ. ಒಳಗೆ ಬಲಗಡೆಯ ಸಾನ್ ಬ್ರಿತ್ಸಿಯೊ ಗುಡಿಯಲ್ಲಿ ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಬರೆದ ಪ್ರಳಯದ ಚಿತ್ರಗಳಿವೆ: ಸತ್ತವರು ನೆಲ ಸೀಳಿಕೊಂಡು ಎದ್ದು ಬರುತ್ತಿದ್ದಾರೆ. ಕತ್ತು ನೋಯುವವರೆಗೂ ನೋಡಿ.

ಊರ ಕೆಳಗೆ ಇನ್ನೊಂದು ಊರೇ ಇದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಮೆತ್ತನೆ ಕಲ್ಲು, ರೋಮನ್ನರಿಗೂ ಮುಂಚೆ ಇಲ್ಲಿದ್ದ ಎಟ್ರಸ್ಕನ್ನರ ಕಾಲದಿಂದಲೂ ಕೊರೆಯುತ್ತಲೇ ಬಂದಿದ್ದಾರೆ. ಗುಹೆಗಳ ಗೋಡೆಯಲ್ಲಿ ಪಾರಿವಾಳ ಸಾಕಲು ಸಾಲು ಸಾಲು ಗೂಡು. ಗೈಡ್ ಜೊತೆಯಲ್ಲೇ ಹೋಗಬೇಕು, ಊರಿಗೆ ಬಂದ ಕೂಡಲೇ ಟಿಕೆಟ್ ಮಾಡಿಸಿ.

ಇನ್ನು ಬಾವಿ. 1527ರಲ್ಲಿ ರೋಮ್ ಸೂರೆಯಾದಾಗ ಇಲ್ಲಿಗೆ ಓಡಿಬಂದ ಪೋಪ್ ಏಳನೇ ಕ್ಲೆಮೆಂಟ್, ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂದು ತೋಡಿಸಿದ್ದು. ಐವತ್ತು ಮೀಟರಿಗೂ ಮಿಕ್ಕಿದ ಆಳ. ಇಳಿಯಲು 248 ಮೆಟ್ಟಿಲು, ಹತ್ತಲು ಬೇರೆಯದೇ 248. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗಿ ಸಿಕ್ಕಿಕೊಳ್ಳದಿರಲಿ ಎಂದು ಸಾಂಗಾಲ್ಲೊ ಎಂಬ ವಾಸ್ತುಶಿಲ್ಪಿ ಹೂಡಿದ ಉಪಾಯ. ಎರಡು ದಾರಿಯೂ ಒಂದೇ ಕೊಳವೆಯನ್ನು ಸುತ್ತುತ್ತವೆ, ಸೇರುವುದು ತಳದ ಪುಟ್ಟ ಸೇತುವೆಯಲ್ಲಿ ಮಾತ್ರ.

ಇದು ಗೊತ್ತಿದ್ದೂ ಎಡವಿದೆ. ಅರ್ಧಕ್ಕೆ ಅಮ್ಮನ ಮಂಡಿ ಹಿಡಿದುಕೊಂಡಿತು. "ನೀವು ಹೋಗ್ಬನ್ನಿ, ಇಲ್ಲೇ ಕೂತಿರ್ತೀನಿ" ಅಂದರು. ಹೂಂ ಎಂದು ಇಳಿದೆವು. ಬೇಸಗೆಯಲ್ಲೂ ಕೆಳಗೆ ಥಂಡಿ, ಒಂದು ಶಾಲು ಇರಲಿ. ಸೇತುವೆ ದಾಟಿ ಹತ್ತತೊಡಗಿದ ಮೇಲೆ ಹೊಳೆಯಿತು, ಅಮ್ಮ ಕೂತಿರುವ ಮೆಟ್ಟಿಲು ಈ ದಾರಿಯಲ್ಲೇ ಇಲ್ಲ! ಬಾವಿಯ ಕೊಳವೆಗೆ ತೆರೆದ ಒಂದೊಂದು ಕಿಟಕಿಯಲ್ಲೂ ಇಣುಕುತ್ತ ಹತ್ತಿದೆ. ಕೊನೆಗೆ ಬಾವಿಯಾಚೆಯ ಕಿಟಕಿಯಲ್ಲಿ ಹಸಿರು ಸೀರೆ ಕಂಡಿತು. ಬಾವಿಗೆ ಅಡ್ಡಲಾಗಿ "ಅಮ್ಮಾ, ಬಂದ ದಾರೀಲೇ ಮೇಲೆ ಹೋಗು!" ಎಂದು ಕೂಗಿದೆ. ಕೂಗು ಗಿರ್ರನೆ ತಿರುಗಿ ವಾಪಸು ಬಂತು. ಅಮ್ಮ ನಗುತ್ತ ಕೈ ಬೀಸಿದರೇ ಹೊರತು ಜಾಗ ಬಿಟ್ಟು ಕದಲಲಿಲ್ಲ.