ಹಳೇ ಅಂಬಾಸಿಡರ್ ಬಣ್ಣ ಮಂಕಾಗಿದೆ ಅಂತ ಕೂಡಲೇ ಪೇಂಟ್ ಹೊಡೆಸಬೇಡಿ

ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ, ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಉಜ್ಜಿ ನೋಡಿ. ಗಾಡಿಯ ಬಣ್ಣ ಬಟ್ಟೆಗೆ ಹತ್ತಿದರೆ ಅದು ಸಿಂಗಲ್ ಸ್ಟೇಜ್ ಪೇಂಟ್, ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇಲ್ಲ. ಬಿಸಿಲಿಗೆ ಸತ್ತಿರೋದು ಸಾಮಾನ್ಯವಾಗಿ ಮೇಲಿನ ತೆಳು ಪದರ ಅಷ್ಟೇ.

ಚೆನ್ನಾಗಿ ತೊಳೆದು, ಎಣ್ಣೆಯಂಶ ಇರೋ ಗ್ಲೇಜ್ (ಬಣ್ಣಕ್ಕೆ ಹೊಳಪು ಕೊಡೋ ಕ್ರೀಮ್) ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿದರೆ ಬಣ್ಣ ಎಷ್ಟು ಗಾಢವಾಗಿರುತ್ತೆ ಅಂದ್ರೆ, ಅರ್ಧ ಕೆಲಸ ಅಲ್ಲೇ ಮುಗಿದಂಗೆ! ಆಮೇಲೆ ನೆರಳಲ್ಲಿ, 2 ಅಡಿ ಚೌಕದಷ್ಟು ಜಾಗ ಹಿಡಿದು ಪಾಲಿಶ್ ಮಷಿನ್‌ನಲ್ಲಿ ಕಾಂಪೌಂಡ್ (ಸತ್ತ ಪದರ ಸವೆಸೋ ಒರಟು ಪಾಲಿಶ್), ನಂತರ ನಯವಾದ ಪಾಲಿಶ್, ಕೊನೆಗೆ ವ್ಯಾಕ್ಸ್. ಮಷಿನ್‌ನ ಪ್ಯಾಡ್‌ಗೆ ಬಣ್ಣ ಮೆತ್ತಿಕೊಳ್ಳುತ್ತೆ, ಆಗಾಗ ಬ್ರಶ್‌ನಿಂದ ಉಜ್ಜಿ ತೆಗೀರಿ. ಇಲ್ಲಾಂದ್ರೆ ಅದೇ ಗೀರು ಹಾಕುತ್ತೆ.

ಕೆಲಸ ಕೆಡೋದು ಅಂಚುಗಳಲ್ಲಿ. ಬಾನೆಟ್ ಏಣು, ಬಾಗಿಲ ಅಂಚಲ್ಲಿ ಬಣ್ಣ ತೆಳು, ಮಷಿನ್ ಕ್ಷಣದಲ್ಲಿ ಪ್ರೈಮರ್ (ಬಣ್ಣದ ಕೆಳಗಿನ ಪದರ) ತೋರಿಸಿಬಿಡುತ್ತೆ. ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಗೆ ಕೈಯಲ್ಲೇ ಉಜ್ಜಿ. ಕಾರ್ಖಾನೆಯಿಂದ ಬಂದ ಬಣ್ಣ ಒಮ್ಮೆ ಹೋದರೆ ಯಾವ ಪೇಂಟ್ ಬೂತ್‌ನಲ್ಲೂ ಮತ್ತೆ ಸಿಗಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಆಳವಾದ ಗೀರಿದ್ರೆ ಮಾತ್ರ ಶಾಂಪೂ ನೀರಲ್ಲಿ 2000, ಆಮೇಲೆ 3000 ನಂಬರ್ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ. ಮೆಟಾಲಿಕ್ (ಲೋಹದ ಪುಡಿ ಬೆರೆತ) ಸಿಂಗಲ್ ಸ್ಟೇಜ್ ಬಣ್ಣಕ್ಕೆ ಪೇಪರ್ ಮುಟ್ಟಿಸಲೇಬೇಡಿ, ಕಲೆಕಲೆಯಾಗುತ್ತೆ.