ತೇಕಪೋ ದಾರಿ ಬಿಟ್ಟು ವೈಟೋಹಿಗೆ: ವಿಮಾನ ಕಟ್ಟಿದ ರೈತನ ಊರು

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಕಾರು ಬಾಡಿಗೆಗೆ ಹಿಡಿದ ನಮ್ಮ ಕಡೆಯ ಪ್ರವಾಸಿಗರು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತಾರೆ. ರಂಗಿಟಾಟ ನದಿ ದಾಟಿ ಜೆರಾಲ್ಡೀನ್ ಕಡೆ ತಿರುಗಿದರೆ ಫೇರ್ಲಿ, ಅಲ್ಲಿಂದ ತೇಕಪೋ ಸರೋವರ. ಆ ತಿರುವಿನಲ್ಲಿ ತಿರುಗದೆ ಹೆದ್ದಾರಿ 1ರಲ್ಲೇ ಟೆಮುಕಾವರೆಗೆ ಬಂದು ಪಶ್ಚಿಮಕ್ಕೆ ಹೊರಳಿದರೆ ವೈಟೋಹಿ ಸಿಗುತ್ತದೆ. ನಂತರ ಪ್ಲೆಸೆಂಟ್ ಪಾಯಿಂಟ್ ಮೇಲೆ ಹೆದ್ದಾರಿ 8 ಹಿಡಿದರೆ ಮತ್ತದೇ ಫೇರ್ಲಿ. ಸುತ್ತು ದೊಡ್ಡದಲ್ಲ. ಆದರೆ ಸ್ವಂತ ವಾಹನ ಬೇಕು. ಅಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಪೆಟ್ರೋಲು, ಊಟ ಎಲ್ಲವನ್ನೂ ಟೆಮುಕಾದಲ್ಲೇ ಮುಗಿಸಿಕೊಳ್ಳಿ. ಮುಂದೆ ಹೊಲ, ಕುರಿ, ಬೇಲಿ ಇಷ್ಟೇ.

ವೈಟೋಹಿ ಎಂದರೆ ಪೇಟೆಯೇನೂ ಅಲ್ಲ, ಹರಡಿಕೊಂಡ ಜಮೀನುಗಳು. ಮೈನ್ ವೈಟೋಹಿ ರಸ್ತೆಯ ಪಕ್ಕದಲ್ಲಿ ಕಂಬವೊಂದರ ಮೇಲೆ ವಿಮಾನದ ಪ್ರತಿಕೃತಿ ನಿಲ್ಲಿಸಿದ್ದಾರೆ. ಅದೇ ರಿಚರ್ಡ್ ಪಿಯರ್ಸ್ ಸ್ಮಾರಕ. ಒಂಬತ್ತು ಮಕ್ಕಳ ರೈತ ಕುಟುಂಬದಲ್ಲಿ 1877ರ ಡಿಸೆಂಬರ್ 3ರಂದು ಹುಟ್ಟಿದವನು. ಎಂಜಿನಿಯರಿಂಗ್ ಓದುವ ಆಸೆಯಿತ್ತು. ಮನೆಯಲ್ಲಿದ್ದ ದುಡ್ಡು ಅಣ್ಣನ ವೈದ್ಯಕೀಯ ಓದಿಗೆ ಹೋಯಿತು. ಇಪ್ಪತ್ತೊಂದಕ್ಕೆ ಇವನ ಪಾಲಿಗೆ ಬಂದದ್ದು 100 ಎಕರೆ ಜಮೀನು. ಅದರಲ್ಲಿ ಬೇಸಾಯಕ್ಕಿಂತ ಕುಲುಮೆ, ಲೇತುಗಳ ಕೆಲಸವೇ ಹೆಚ್ಚು ನಡೆಯಿತು. ನೆರೆಯವರು 'ಹುಚ್ಚ ಪಿಯರ್ಸ್' ಎಂದರು, 'ಬಿದಿರು ಡಿಕ್' ಎಂದೂ ಕರೆದರು. ಎರಡನೆಯ ಹೆಸರಿಗೆ ಕಾರಣವಿತ್ತು: ಬಿದಿರಿನ ಚೌಕಟ್ಟಿನ ಸೈಕಲ್ಲಿಗೆ 1902ರಲ್ಲೇ ಪೇಟೆಂಟ್ ಪಡೆದಿದ್ದ. ಅದರ ಪೆಡಲು ಸುತ್ತುವುದಿಲ್ಲ, ಮೇಲೆ ಕೆಳಗೆ ತುಳಿಯಬೇಕು.

ವಿಮಾನಕ್ಕೂ ಬಿದಿರೇ. ಜೊತೆಗೆ ಉಕ್ಕಿನ ಕೊಳವೆ, ಬಿಗಿದ ತಂತಿ, ಮೇಲೆ ಕ್ಯಾನ್‌ವಾಸ್. ಒಂದೇ ರೆಕ್ಕೆಯ ಯಂತ್ರ, ಕೆಳಗೆ ಮೂರು ಗಾಲಿ, ಮುಂದಿನ ಗಾಲಿ ತಿರುಗಿಸಲು ಬರುವಂಥದ್ದು. ನೋಡಬೇಕಾದದ್ದು ಎಂಜಿನ್. ಎದುರುಬದುರಾಗಿ ಮಲಗಿದ ಎರಡು ಸಿಲಿಂಡರು, ಅವನ್ನು ಮಾಡಿದ್ದು ಪೈಪಿನ ತುಂಡಿನಿಂದ. ಪ್ರತಿ ಪಿಸ್ಟನ್ನಿನ ಎರಡೂ ಬದಿಯಲ್ಲಿ ಇಂಧನ ಉರಿಯುತ್ತದೆ, ಹಾಗಾಗಿ ಎರಡು ಸಿಲಿಂಡರು ನಾಲ್ಕರ ಕೆಲಸ ಮಾಡುತ್ತವೆ, ತೂಕ ಉಳಿಯುತ್ತದೆ. ಇದಕ್ಕೆ ಬೆಲೆಯೂ ಇದೆ. ಪಿಸ್ಟನ್ನಿನ ದಂಡ ಸಿಲಿಂಡರಿನ ಮುಚ್ಚಳವನ್ನು ತೂರಿಕೊಂಡೇ ಹೊರಗೆ ಬರಬೇಕು. ಆ ತೂತಿನ ಪ್ಯಾಕಿಂಗು ಉರಿಯುವ ಅನಿಲದ ಬಿಸಿಗೆ ಬೇಗ ಸವೆದು ಒತ್ತಡ ಸೋರುತ್ತದೆ. ಉಗಿ ಯಂತ್ರಕ್ಕೆ ಒಗ್ಗಿದ ಈ ಉಪಾಯ ಪೆಟ್ರೋಲು ಎಂಜಿನ್ನುಗಳಲ್ಲಿ ಹೆಚ್ಚು ಬಳಕೆಗೆ ಬಾರದಿರಲು ಇದೂ ಒಂದು ಕಾರಣ.

ಸ್ಮಾರಕದ ಬಳಿ ನಿಂತವರಿಗೆಲ್ಲ ಏಳುವ ಪ್ರಶ್ನೆ: 1903ರ ಡಿಸೆಂಬರಿನಲ್ಲಿ ಹಾರಿದ ರೈಟ್ ಸಹೋದರರಿಗಿಂತ ಮೊದಲೇ ಇವನು ಹಾರಿದನೇ? ಊರಿನ ನೆನಪಿನ ಪ್ರಕಾರ 1903ರ ಮಾರ್ಚ್ 31ರಂದು ಯಂತ್ರ ರಸ್ತೆಯಿಂದ ಎದ್ದು ಪಕ್ಕದ ಗೋರ್ಸ್ ಬೇಲಿಯ ಮೇಲೆ ಕೂತಿತು. ಗೋರ್ಸ್ ಎಂದರೆ ಹಳದಿ ಹೂವಿನ ಮುಳ್ಳುಪೊದೆ. ಬ್ರಿಟನ್ನಿನಿಂದ ಬೇಲಿಗೆಂದು ತಂದದ್ದು ಈಗ ನಮ್ಮ ಲಂಟಾನದಂತೆ ದೇಶವೆಲ್ಲ ಹಬ್ಬಿದೆ. ಸಾಕ್ಷಿಗಳ ಹೇಳಿಕೆ ದಾಖಲಾದದ್ದು ದಶಕಗಳ ನಂತರ, ದೂರದ ವಿಷಯದಲ್ಲೂ ವರ್ಷದ ವಿಷಯದಲ್ಲೂ ಒಮ್ಮತವಿಲ್ಲ. ಪಿಯರ್ಸ್ ಮಾತ್ರ ಪತ್ರಿಕೆಗಳಿಗೆ ಬರೆದ ಪತ್ರಗಳಲ್ಲಿ ಪ್ರಯತ್ನ ಶುರುವಾದದ್ದು 1904ರಲ್ಲಿ ಎಂದಿದ್ದಾನೆ, ಯಶಸ್ವಿ ಹಾರಾಟದಲ್ಲಿ ಮೊದಲಿಗರು ರೈಟ್ ಸಹೋದರರೇ ಎಂದೂ ಒಪ್ಪಿದ್ದಾನೆ. ಊರಿನ ಅಭಿಮಾನಕ್ಕಿಂತ ಅವನ ಮಾತೇ ಹೆಚ್ಚು ನಂಬಬೇಕಾದದ್ದು.

ತಪ್ಪಿದ್ದೆಲ್ಲಿ ಎಂಬುದನ್ನೂ 1928ರ ಪತ್ರದಲ್ಲಿ ಅವನೇ ವಿವರಿಸಿದ್ದಾನೆ. ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರು ವೇಗಕ್ಕೇ ಯಂತ್ರ ನೆಲ ಬಿಡುತ್ತಿತ್ತು. ಆ ವೇಗದಲ್ಲಿ ಚುಕ್ಕಾಣಿಗೆ ಬಲವಿರಲಿಲ್ಲ, ಎದ್ದ ಕೂಡಲೇ ಯಂತ್ರ ಅಡ್ಡಡ್ಡ ತಿರುಗುತ್ತಿತ್ತು. ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಅರ್ಧವಾದರೆ ಚುಕ್ಕಾಣಿಗೆ ಸಿಗುವ ಬಲ ಕಾಲುಭಾಗ. ಜೊತೆಗೆ ಅಗಲ ರೆಕ್ಕೆಯ, ಭಾರೀ ಗಾತ್ರದ ಯಂತ್ರ. ರೈಟ್ ಸಹೋದರರು 1900ರಿಂದ 1902ರವರೆಗೆ ಗ್ಲೈಡರಿನಲ್ಲಿ ಹತೋಟಿ ಕಲಿತು ಆಮೇಲೆ ಎಂಜಿನ್ ಕೂರಿಸಿದರು. ಪಿಯರ್ಸ್ ಮೊದಲು ಎಂಜಿನ್ ಕಟ್ಟಿದ, ಹತೋಟಿ ಕಲಿಯಲು ಮಿಕ್ಕಿದ್ದು ಒಂದು ಹಳ್ಳಿರಸ್ತೆ. ಕಂಬದ ಕೆಳಗೆ ನಿಂತು ಆ ರಸ್ತೆಯ ಅಗಲ ನೋಡಿದರೆ ಬೇಲಿ ಹೇಗೆ ಅಡ್ಡ ಬಂತು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. 1906ರಲ್ಲಿ ಅರ್ಜಿ ಹಾಕಿದ ವಿಮಾನದ ಪೇಟೆಂಟಿನಲ್ಲಿ ಸಮತೋಲಕ್ಕೆಂದು ರೆಕ್ಕೆಗೆ ಪುಟ್ಟ ಫಲಕಗಳನ್ನು ಸೇರಿಸಿದ್ದಾನೆ. ರೋಗ ಅಷ್ಟರಲ್ಲಿ ಗೊತ್ತಾಗಿತ್ತು.

ಓಪಿಹಿ ನದಿ ಪಕ್ಕದಲ್ಲೇ ಇದೆ, ಅಗಲವಾದ ಜಲ್ಲಿಕಲ್ಲಿನ ಪಾತ್ರ. ಇಲ್ಲಿಯ ದಿಬ್ಬದಿಂದಲೂ ಯಂತ್ರ ಹಾರಿ ಪಾತ್ರದಲ್ಲಿ ಇಳಿಯಿತೆಂಬ ಹೇಳಿಕೆಯಿದೆ. ಬೇಲಿಯಾಚೆಯದೆಲ್ಲ ಖಾಸಗಿ ಜಮೀನು, ಕೇಳದೆ ಗೇಟು ದಾಟಬಾರದು. ಬೇಸಿಗೆಯಲ್ಲಿ ವಾಯವ್ಯದಿಂದ ಬಿಸಿ ಒಣಗಾಳಿ ಬೀಸಿದಾಗ ಕಾರಿನ ಬಾಗಿಲನ್ನು ಕೈಯಲ್ಲಿ ಹಿಡಿದೇ ತೆಗೆಯಿರಿ.

ಟಿಮಾರು ಹೆಚ್ಚು ದೂರವಿಲ್ಲ. ಅಲ್ಲಿಯ ವಿಮಾನ ನಿಲ್ದಾಣಕ್ಕೆ ಪಿಯರ್ಸ್ ಹೆಸರಿದೆ, ಸೌತ್ ಕ್ಯಾಂಟರ್ಬರಿ ಮ್ಯೂಸಿಯಂನಲ್ಲಿ ವಿಮಾನದ ಪ್ರತಿಕೃತಿಯಿದೆ. ಅಸಲಿ ತುಣುಕುಗಳಿರುವುದು ಆಕ್ಲೆಂಡಿನ ಮೋಟ್ಯಾಟ್ ಎಂಬ ಸಾರಿಗೆ, ತಂತ್ರಜ್ಞಾನದ ಮ್ಯೂಸಿಯಂನಲ್ಲಿ, ಜಾರ್ಜ್ ಬೋಲ್ಟ್ ಎಂಬ ವೈಮಾನಿಕ ಹುಡುಕಿ ತೆಗೆಸಿದವು. ಪಿಯರ್ಸ್ ಮುಂದೆ ಕ್ರೈಸ್ಟ್‌ಚರ್ಚ್‌ಗೆ ಹೋಗಿ ಒಬ್ಬನೇ ಕಟ್ಟಿದ ಎರಡನೆಯ ವಿಮಾನವೂ ಮೋಟ್ಯಾಟ್‌ನಲ್ಲೇ ಇದೆ. ಎಂಜಿನ್ನನ್ನೂ ಪ್ರೊಪೆಲರನ್ನೂ ಮೇಲ್ಮುಖ ಮಾಡಿದರೆ ನೇರ ಏರಬೇಕು, ರೆಕ್ಕೆ ಮಡಚಿದರೆ ಗ್ಯಾರೇಜಿನಲ್ಲಿ ನಿಲ್ಲಬೇಕು ಎಂಬುದು ಲೆಕ್ಕ. ಅದು ಹಾರಲಿಲ್ಲ. 1951ರಲ್ಲಿ ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು, 1953ರ ಜುಲೈನಲ್ಲಿ ತೀರಿಕೊಂಡ. ಮೋಟ್ಯಾಟ್‌ಗೆ ಎರಡು ಆವರಣಗಳಿವೆ, ನಡುವೆ ಟ್ರಾಮ್ ಓಡಾಡುತ್ತದೆ. ಹೆಚ್ಚಿನ ವಿಮಾನಗಳಿರುವುದು ಮಿಯೋಲಾ ರಸ್ತೆಯ ಆವರಣದಲ್ಲಿ, ಪಿಯರ್ಸ್‌ನವು ಯಾವ ಕಡೆ ಇವೆಯೆಂದು ಮೊದಲು ಕೇಳಿಕೊಳ್ಳಿ.