ಇಲ್ಕ್‌ಲಿಯ ನೆಲಮಾಳಿಗೆ, ಲಂಡನ್ನಿನ ಸಭಾಂಗಣ

ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಫಾರ್ಸ್ಟರ್ ಸ್ಕ್ವೇರ್ ನಿಲ್ದಾಣದಲ್ಲಿ ಇಲ್ಕ್‌ಲಿ ರೈಲು ಹತ್ತಿದೆವು. ಜೊತೆಗಿದ್ದವನು ಲೀಡ್ಸ್‌ನಲ್ಲಿ ಕೆಲಸ ಮಾಡುವ ನನ್ನ ಭಾವಮೈದ. "ಯಾರ್ಕ್‌ಶೈರ್‌ಗೆ ಬಂದವರು ಕೋಟೆ, ಚರ್ಚು ನೋಡ್ತಾರೆ. ಸ್ಪೀಕರ್ ಮಾಡಿದವರ ಊರು ನೋಡೋಕೆ ಬಂದಿರೋದು ನೀವೊಬ್ರೇ ಭಾವ" ಎಂದು ಹತ್ತಿದ ಕೂಡಲೇ ಶುರು ಮಾಡಿದ.

ನಾನು ಹುಡುಕಿ ಹೊರಟಿದ್ದು ಸ್ಪೀಕರ್ ಕಂಪನಿ ಕಟ್ಟಿದ ಗಿಲ್ಬರ್ಟ್ ಬ್ರಿಗ್ಸ್ ಅವರ ಜಾಡು. ಹುಟ್ಟಿದ್ದು 1890ರಲ್ಲಿ, ಬ್ರಾಡ್‌ಫರ್ಡ್ ಪಕ್ಕದ ಕ್ಲೇಟನ್‌ನಲ್ಲಿ. ಬ್ರಾಡ್‌ಫರ್ಡ್ ಅಂದರೆ ಆಗ ಉಣ್ಣೆಯ ರಾಜಧಾನಿ. ಬ್ರಿಗ್ಸ್ ಕೂಡ ನಡುವಯಸ್ಸಿನವರೆಗೂ ಜವಳಿ ವ್ಯವಹಾರದಲ್ಲೇ ಇದ್ದರು. ಪಿಯಾನೋ ಅಂದರೆ ಜೀವ. ರೇಡಿಯೋದಲ್ಲಿ ಪಿಯಾನೋ ಪಿಯಾನೋ ಥರ ಕೇಳಬೇಕು ಅನ್ನುವ ಹಟ. 1932ರಲ್ಲಿ ಇಲ್ಕ್‌ಲಿಯ ಮನೆಯ ನೆಲಮಾಳಿಗೆಯಲ್ಲಿ ಕೂತು ಮೊದಲ ಸ್ಪೀಕರ್ ಕಟ್ಟಿದರು. ಮರುವರ್ಷ ಬ್ರಾಡ್‌ಫರ್ಡ್ ರೇಡಿಯೋ ಸೊಸೈಟಿಯ ಸ್ಪರ್ಧೆಯಲ್ಲಿ ಮೊದಲ ಎರಡೂ ಬಹುಮಾನ ಅವರಿಗೇ ಬಂದವು.

ಶಿಪ್ಲಿ, ಗೈಸ್ಲಿ, ಮೆನ್‌ಸ್ಟನ್ ದಾಟಿದ ಮೇಲೆ ಕಣಿವೆ ತೆರೆದುಕೊಳ್ಳುತ್ತದೆ. ಕೆಳಗೆ ವಾರ್ಫ್ ನದಿ. ಈ ಕಣಿವೆಯೇ ವಾರ್ಫ್‌ಡೇಲ್. ಬ್ರಿಗ್ಸ್ ತಮ್ಮ ಕಂಪನಿಗೆ ಇಟ್ಟ ಹೆಸರೂ ಅದೇ. ಇಲ್ಕ್‌ಲಿ ಸಣ್ಣ, ಅಚ್ಚುಕಟ್ಟಾದ, ಸ್ವಲ್ಪ ದುಡ್ಡಿರುವವರ ಊರು. ನದಿ ದಾಟಿದರೆ ಡೆಂಟನ್ ಅನ್ನುವ ಹಳ್ಳಿ. ಕಣಿವೆಯಲ್ಲಿ ಇನ್ನೂ ಮೇಲೆ ಹೋದರೆ ಲಿಂಟನ್. ಹಳೇ ಸ್ಟೀರಿಯೋ ಹುಚ್ಚಿನವರಿಗೆ ಗೊತ್ತಿರುತ್ತದೆ, 1960ರ ದಶಕದ ವಾರ್ಫ್‌ಡೇಲ್ ಸ್ಪೀಕರ್ ಪೆಟ್ಟಿಗೆಗಳ ಹೆಸರು ಇವು. ದಾರಿಯ ಕೈಕಂಬ ಓದಿದರೆ ಕ್ಯಾಟಲಾಗ್ ಓದಿದಂತೆಯೇ ಆಗುತ್ತಿತ್ತು.

ಬ್ರಿಗ್ಸ್ ಇದ್ದ ಮನೆ ಹುಡುಕಲು ಹೋಗಲಿಲ್ಲ. ಈಗ ಅಲ್ಲಿರುವವರ ಬಾಗಿಲು ತಟ್ಟಿ ನಿಮ್ಮ ನೆಲಮಾಳಿಗೆ ತೋರಿಸಿ ಅನ್ನೋಕಾಗುತ್ತಾ! ಬದಲಿಗೆ ಊರ ಮೇಲಿನ ಬಯಲುಗುಡ್ಡ ಹತ್ತಿ, ಕೌ ಆಂಡ್ ಕಾಫ್ ಎಂಬ ಜೋಡಿ ಬಂಡೆಗಳ ಹತ್ತಿರ ಕೂತೆವು. ಒರಟು ಮರಳುಗಲ್ಲು. ಗಾಳಿ ಕಿವಿ ಕಿತ್ತುಹೋಗುವಷ್ಟು.

ಮರಳು ಅಂದರೆ ಬ್ರಿಗ್ಸ್ ನೆನಪಾಗಲೇಬೇಕು. ಸ್ಪೀಕರ್‌ನ ಕೋನ್, ಅಂದರೆ ಸದ್ದು ಹೊರಡಿಸುವ ಶಂಕುವಿನಾಕಾರದ ಪರದೆ, ಅಲುಗಿದಾಗ ಅದನ್ನು ಹಿಡಿದಿರುವ ಹಲಗೆಯೂ ಅಲುಗುತ್ತದೆ, ತನ್ನದೇ ದನಿ ಸೇರಿಸುತ್ತದೆ. ತಂತಿವಾದ್ಯದ ಪೆಟ್ಟಿಗೆಗೆ ಅದು ಗುಣ, ಸ್ಪೀಕರ್‌ಗೆ ರೋಗ. ಬ್ರಿಗ್ಸ್ ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣ ಮರಳು ತುಂಬಿಸಿದರು. ಹಲಗೆ ಅಲುಗಲು ಹೋದರೆ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಆ ಶಕ್ತಿಯನ್ನು ನುಂಗಿಬಿಡುತ್ತವೆ. ಕಂಚಿನ ತಟ್ಟೆ ಝಣ್ ಅಂದಾಗ ಮೇಲೆ ಅಂಗೈ ಇಟ್ಟ ಹಾಗೆ. ಭಾರ ಮಾತ್ರ ಜಾಸ್ತಿ. ಕೋನ್‌ನ ಅಂಚಿಗೆ ಬಟ್ಟೆಯ ಪಟ್ಟಿ ಹಾಕಿದ ಮಾದರಿಗಳೂ ಅವರಲ್ಲಿದ್ದವು. ಜವಳಿಯವರಿಗೆ ಬಟ್ಟೆ ಹೊಳೆಯುವುದು ಸಹಜ ಅಲ್ವಾ? ಇದು ನನ್ನ ಊಹೆ, ಬಿಡಿ.

ಕಾರ್ಖಾನೆಯಿದ್ದ ಐಡಲ್ ಬಡಾವಣೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದೆವು. ಬ್ರಿಗ್ಸ್ 1958ರಲ್ಲಿ ಕಂಪನಿಯನ್ನು ರ‍್ಯಾಂಕ್ ಸಂಸ್ಥೆಗೆ ಮಾರಿದರು. ಅವರ ಕೈಕೆಳಗೆ ದುಡಿದ ರೇಮಂಡ್ ಕುಕ್ 1961ರಲ್ಲಿ ಮೈಡ್‌ಸ್ಟೋನ್‌ನಲ್ಲಿ ಕೆಇಎಫ್ ಎಂಬ ಸ್ಪೀಕರ್ ಕಂಪನಿ ಕಟ್ಟಿದರು. ಬ್ರಿಗ್ಸ್ ತೀರಿಕೊಂಡಿದ್ದು 1978ರಲ್ಲಿ.

ಮರುದಿನ ಲಂಡನ್. ವಾಟರ್‌ಲೂ ಹತ್ತಿರ, ಥೇಮ್ಸ್ ದಡದಲ್ಲಿ ರಾಯಲ್ ಫೆಸ್ಟಿವಲ್ ಹಾಲ್. ಈ ಪ್ರವಾಸದಲ್ಲಿ ನನಗೆ ನಿಜವಾಗಿ ಬೇಕಿದ್ದದ್ದು ಇದೇ. 1954ರ ನವೆಂಬರ್‌ನಲ್ಲಿ ಬ್ರಿಗ್ಸ್ ಇಲ್ಲಿ ಜನರನ್ನು ಸೇರಿಸಿ, ವೇದಿಕೆಯಲ್ಲಿ ಕಲಾವಿದರಿಂದ ನುಡಿಸಿದರು. ಆಮೇಲೆ ತಮ್ಮ ಸ್ಪೀಕರ್‌ಗಳಲ್ಲಿ ರೆಕಾರ್ಡಿಂಗ್ ಹಾಕಿದರು. ವ್ಯತ್ಯಾಸ ನೀವೇ ಹೇಳಿ ಅಂದರು. ಆಂಪ್ಲಿಫೈಯರ್ ಕೊಟ್ಟು ಜೊತೆ ನಿಂತವರು ಕ್ವಾಡ್ ಕಂಪನಿಯ ಪೀಟರ್ ವಾಕರ್. 1955ರಲ್ಲಿ ಇದೇ ಪರೀಕ್ಷೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲೂ ನಡೆಯಿತು. ತನ್ನ ಸರಕನ್ನು ಅಸಲಿ ಪಿಯಾನೋದ ಪಕ್ಕದಲ್ಲೇ ಇಟ್ಟು ತೋರಿಸೋಕೆ ಗುಂಡಿಗೆ ಬೇಕು. ಇವತ್ತಿನ ಯಾವ ಜಾಹೀರಾತೂ ಅಷ್ಟು ಧೈರ್ಯ ಮಾಡುವುದಿಲ್ಲ.

ಸಂಜೆಯ ಕಛೇರಿಗೆ ಹಿಂದಿನ ಸಾಲಿನ ಟಿಕೆಟ್ ಸಿಕ್ಕಿತು. ಅಲ್ಲಿಂದ ವೇದಿಕೆ ನೋಡಿದರೆ ಆ ಸಾಹಸ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಸುಮಾರು ಮೂರು ಸಾವಿರ ಜನ ಕೂರುವ ಜಾಗ. ಅಂದಿನ ಕ್ವಾಡ್ ಆಂಪ್ಲಿಫೈಯರ್ ಒಂದರ ಶಕ್ತಿ ಬರೀ 15 ವಾಟ್.

"15 ವಾಟಾ? ನಮ್ಮನೆ ಟೀವಿ ಕೆಳಗಿರೋ ಸೌಂಡ್‌ಬಾರ್ ಮೇಲೇ 300 ಅಂತ ಬರೆದಿದೆ ಭಾವ!"

ವಾಟ್ ಎರಡು ಪಟ್ಟಾದರೆ ಸದ್ದಿನ ಅಳತೆಯಲ್ಲಿ ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಸ್ವಲ್ಪವೇ ಜಾಸ್ತಿ ಅನ್ನಿಸುತ್ತದೆ ಎಂದು ವಿವರಿಸಿದೆ. ಕಡಿಮೆ ಶಕ್ತಿಯಲ್ಲೇ ಚೆನ್ನಾಗಿ ಅಲುಗುವ ದೊಡ್ಡ ಕೋನ್ ಇದ್ದರೆ 15 ವಾಟ್ ಎಷ್ಟೋ ದೂರ ಹೋಗುತ್ತದೆ ಅಂತಲೂ ಹೇಳಿದೆ. ಅವನು ಕ್ಷಣ ಯೋಚಿಸಿ, "ಹಾಗಾದ್ರೆ ಅಂಗಡಿಯವನು ನನಗೆ ಟೋಪಿ ಹಾಕಿದ ಅನ್ನಿ" ಎಂದ. ಉತ್ತರ ಕೊಡುವಷ್ಟರಲ್ಲಿ ವಾದ್ಯವೃಂದ ಶ್ರುತಿ ಮಾಡಿಕೊಳ್ಳಲು ಶುರು ಮಾಡಿತು.